ಹಣಿಗಿ ಓಣಿಯ ಉಸಿರು

ಬನಹಟ್ಟಿಯಲ್ಲಿ ಮಾತು ಗೋಡೆಯೊಳಗಿಂದ ಬರತೊಡಗಿ ಆಗ ಆರು ವರ್ಷವಾಗಿತ್ತು.

ಗಾಳಿಯಲ್ಲಿ ಹರಿದಾಡುವ ತರಂಗಗಳನ್ನೆಲ್ಲ ದೊಡ್ಡ ದೊಡ್ಡ ಪಟ್ಟಣಗಳು ತಮ್ಮತಮ್ಮಲ್ಲೇ ಹಂಚಿಕೊಂಡ ಮೇಲೆ, ಸಣ್ಣ ಊರುಗಳ ಮೊಬೈಲ್ ಗೋಪುರಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಮದುವೆಗೆ ಕರೆಯುವುದಕ್ಕೂ ಸತ್ತ ಸುದ್ದಿ ಮುಟ್ಟಿಸುವುದಕ್ಕೂ ಮತ್ತೆ ಬಸ್ಸು ಹತ್ತಬೇಕೇನೋ ಎಂದು ಜನ ಕಂಗಾಲಾಗಿದ್ದಾಗ ಯಾರಿಗೋ ಹೊಳೆಯಿತು: ಎಲ್ಲರ ಮನೆಗೂ ಕರೆಂಟಿನ ತಂತಿ ಮೊದಲೇ ಬಂದಿದೆಯಲ್ಲ! ದೀಪ ಉರಿಸುವ, ಮಿಕ್ಸರ್ ತಿರುಗಿಸುವ ಅದೇ ತಂತಿಯಲ್ಲಿ ಮಾತನ್ನೂ ಕಳಿಸಿದರಾಯಿತು. ಕರೆಂಟು ಸೆಕೆಂಡಿಗೆ ಐವತ್ತು ಸಲ ನಿಧಾನವಾಗಿ ತೂಗುತ್ತದೆ. ಮಾತು ಲಕ್ಷ ಸಲ ಮಿಡಿಯುತ್ತ ಅದರ ಬೆನ್ನ ಮೇಲೆ ಕೂತು ಬರುತ್ತದೆ. ಮನೆ ಮುಟ್ಟಿದ ಮೇಲೆ ಎರಡನ್ನೂ ಬೇರ್ಪಡಿಸಿಕೊಂಡರೆ ಮುಗಿಯಿತು. ಹೀಗೆ ತಂತಿಮಾತು ಸಹಕಾರ ಸಂಘ ಹುಟ್ಟಿತು, ಮನೆಮನೆಯ ಪ್ಲಗ್ಗಿಗೊಂದು ಗೋಡೆಫೋನು ಬಂತು.

ಹೇಳುವುದಕ್ಕೆ ಸುಲಭ. ಆದರೆ ಬನಹಟ್ಟಿ ಮಗ್ಗದ ಊರು. ಓಣಿಗೆ ನಲವತ್ತು ಐವತ್ತು ವಿದ್ಯುತ್ ಮಗ್ಗಗಳು. ಬೆಳಿಗ್ಗೆ ಎಂಟಕ್ಕೆ ಒಂದರ ಹಿಂದೊಂದು ಶುರುವಾದವೆಂದರೆ ಕಿವಿಗೆ ಕೇಳುವ ಸಪ್ಪಳ ಒಂದು ಕಡೆ, ಅವುಗಳ ಮೋಟಾರುಗಳು ತಂತಿಯೊಳಗೆ ಎಬ್ಬಿಸುವ ಗದ್ದಲ ಇನ್ನೊಂದು ಕಡೆ. ಮೊದಲ ವರ್ಷ ಗೋಡೆಫೋನು ಎತ್ತಿದರೆ ಬೀಗರ ದನಿಯ ಬದಲು ಒಗ್ಗರಣೆಯ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ನಾಲ್ಕು ಸಲ ಕೂಗಿ, ಐದನೆಯ ಸಲಕ್ಕೆ ಫೋನಿಟ್ಟು ಚಪ್ಪಲಿ ಮೆಟ್ಟಿ ನಡೆದೇ ಹೋಗುತ್ತಿದ್ದರು ಜನ.

ಆ ಗದ್ದಲದಿಂದ ಮಾತನ್ನು ಬಿಡಿಸಿಕೊಟ್ಟವಳು ಮಹಾನಂದಾ ಬುರ್ಲಿ. ಸಂಘದ ನಿಯಂತ್ರಣ ಕೋಣೆಯ ಮುಖ್ಯ ಎಂಜಿನಿಯರು, ನಲವತ್ತೆರಡು ವರ್ಷದ ಗಟ್ಟಿ ಹೆಣ್ಣು, ಇದೇ ಊರಿನ ನೇಕಾರ ಕಲ್ಲಪ್ಪನ ಮಗಳು. ಅವಳ ಉಪಾಯ ಕೇಳಿದವರು ಮೊದಲು ಇಷ್ಟೇನಾ ಎಂದರು. ಪ್ರತಿ ಮನೆಯ ಮೀಟರಿನಲ್ಲೂ ಅವಳು ಒಂದು ಕಿವಿ ಇಟ್ಟಳು. ಮಗ್ಗದ ಗದ್ದಲ ಓಣಿಯ ತಂತಿಗೆಲ್ಲ ಹರಡುವುದರಿಂದ ಎಲ್ಲ ಕಿವಿಗಳಿಗೂ ಒಂದೇ ಸಮ ಕೇಳಿಸುತ್ತದೆ. ಒಂದು ಮನೆಯ ಮಾತಾದರೋ ಆ ಮನೆಯ ಕಿವಿಗಷ್ಟೇ ಜೋರಾಗಿ ಕೇಳಿಸಿ, ಪಕ್ಕದ ಮನೆ ಮುಟ್ಟುವಷ್ಟರಲ್ಲಿ ಬಡವಾಗುತ್ತದೆ. ಹಾಗಾದರೆ ನಾಲ್ಕಕ್ಕಿಂತ ಹೆಚ್ಚು ಮನೆಗಳಲ್ಲಿ ಒಂದೇ ಜೋರಿನಲ್ಲಿ ಕೇಳುವುದೆಲ್ಲ ಗದ್ದಲ. ಅದನ್ನು ಕಳೆದರೆ ಉಳಿದದ್ದು ಮಾತು. ಯಾರ ಮಾತು, ಯಾರಿಗೆ ಎಂದು ಓದುವುದೆಲ್ಲ ಆಮೇಲೆ.

ಊರವರು ಇದಕ್ಕೆ ಮಹಾನಂದಾನ ಜರಡಿ ಎಂದು ಹೆಸರಿಟ್ಟರು. ಜರಡಿಗೆ ಒಂದು ಪ್ರಶಸ್ತಿಯೂ ಬಂತು, ಕಲ್ಲಪ್ಪ ಅದರ ಫೋಟೋಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಪಕ್ಕದಲ್ಲೇ ತೂಗುಹಾಕಿದ. ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ಜರಡಿಯ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಮಹಾನಂದಾಳಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ. ಬರುವ ಸೋಮವಾರ ಹನ್ನೆರಡು ಊರುಗಳ ಸಂಘದವರು ಆ ಜರಡಿಯನ್ನು ನೋಡಿ ತಮ್ಮೂರಿಗೂ ಒಯ್ಯಲು ಬರುವವರಿದ್ದರು.

ಆದರೆ ಆ ವಾರ ಅವಳ ಕಣ್ಣೆಲ್ಲ ಇದ್ದದ್ದು ಪರದೆಯ ಮೂಲೆಯಲ್ಲಿ ಏರಿಳಿಯುತ್ತಿದ್ದ ಒಂದು ಹಸಿರು ಗೆರೆಯ ಮೇಲೆ. ಹಣಿಗಿ ಓಣಿ, ಮನೆ ಹದಿನೇಳು. ಅದು ಒಂದು ಕೂಸಿನ ಉಸಿರು.

ಆ ಕೂಸು ಏಳು ತಿಂಗಳಿಗೇ ಹುಟ್ಟಿದ್ದು. ಒಂದು ಕಿಲೋ ಇನ್ನೂರು ಗ್ರಾಂ. ನಲವತ್ತು ದಿನ ದೂರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಸಾವಂತ್ರಿ ಹೊರಗೆ ಬೆಂಚಿನ ಮೇಲೆ ಕೂತು ದಿನಕ್ಕೆರಡು ಸಲ ಕಿಟಕಿಯಿಂದ ನೋಡುತ್ತಿದ್ದಳು. ಕೂಸು ಬದುಕಿತೇ ಹೊರತು ಬೆಳೆಯಲಿಲ್ಲ. ಕೊನೆಗೆ ಡಾಕ್ಟರಮ್ಮ ಒಂದು ನಿರ್ಧಾರಕ್ಕೆ ಬಂದು, ಕೂಸನ್ನು ತಾಯಿಯ ಎದೆಗೆ ಕಟ್ಟಿ ಮನೆಗೆ ಕಳಿಸಿದರು. ಬರಿಯ ಮೈಗೆ ಬರಿಯ ಮೈ, ಹಗಲೂ ರಾತ್ರಿ. ಹತ್ತೇ ದಿನದಲ್ಲಿ ಇನ್ನೂರು ಗ್ರಾಂ ಏರಿತು.

ಇಷ್ಟು ಎಳೆಯ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆಯುತ್ತವೆ. ಅಂಗಾಲು ತಟ್ಟಿ ನೆನಪು ಮಾಡಿಕೊಟ್ಟರೆ ಸಾಕು, ಮತ್ತೆ ಶುರು ಮಾಡುತ್ತವೆ. ಆದರೆ ತಟ್ಟುವುದಕ್ಕೆ ಯಾರಿಗಾದರೂ ಗೊತ್ತಾಗಬೇಕಲ್ಲ. ಅದಕ್ಕೇ ಕೂಸಿನ ಹೊಟ್ಟೆಗೆ ಒಂದು ಉಸಿರುಪಟ್ಟಿ ಸುತ್ತಿ, ಅದರ ತೆಳು ವಾಯರನ್ನು ಗೋಡೆಯ ಪ್ಲಗ್ಗಿಗೆ ಕೊಟ್ಟಿದ್ದರು. ಪಟ್ಟಿಗೊಂದು ಪುಟ್ಟ ಗಂಟೆಯೂ ಇತ್ತು, ಆದರೆ ನಲವತ್ತು ಮಗ್ಗಗಳ ನಡುವೆ ಅದರ ದನಿ ಯಾವ ಲೆಕ್ಕ. ಆದ್ದರಿಂದ ಉಸಿರಿನ ಗೆರೆ ತಂತಿ ಹಿಡಿದು ಸಂಘದ ನಿಯಂತ್ರಣ ಕೋಣೆಗೂ ಆಸ್ಪತ್ರೆಗೂ ಬರುತ್ತಿತ್ತು. ಡಾಕ್ಟರಮ್ಮ ಒಂದೇ ಕರಾರು ಹಾಕಿದ್ದರು: ಗೆರೆ ಹತ್ತು ನಿಮಿಷ ಕಾಣದೆ ಹೋಗುವುದು ಮೂರು ಸಲವಾದರೆ, ಕೂಸು ಮತ್ತೆ ಗಾಜಿನ ಪೆಟ್ಟಿಗೆಗೆ.

ಎರಡು ಸಲ ಆಗಿಹೋಗಿತ್ತು. ಎರಡು ಸಲವೂ ಹದಿನೇಳನೆಯ ಮನೆಗೆ ಬರುವ ಫೇಸ್, ಎಂದರೆ ಓಣಿಯ ಮೂರು ಕರೆಂಟಿನ ಸಾಲುಗಳಲ್ಲಿ ಒಂದು, ಹೋಗಿ ಆ ಮನೆ ಕತ್ತಲಾಗಿತ್ತು.

ಎರಡನೆಯ ಸಲ ಆದ ಸಂಜೆ ಮಹಾನಂದಾ ತಾನೇ ಹಣಿಗಿ ಓಣಿಗೆ ಹೋದಳು. ಸಾವಂತ್ರಿ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ನಿದ್ದೆಗೆಟ್ಟ ಕಣ್ಣು. ಸೆರಗಿನ ಒಳಗಿಂದ ಮೋಸಂಬಿಗಿಂತ ತುಸು ದೊಡ್ಡದಾದ ಒಂದು ತಲೆ, ಅದರ ಮೇಲೊಂದು ಉಣ್ಣೆಯ ಕುಂಚಿಗೆ. ಗಂಡ ಮುತ್ತಪ್ಪ ಪಕ್ಕದ ಶೆಡ್ಡಿನಲ್ಲಿ ಮಗ್ಗದ ಮೇಲಿದ್ದ.

"ಬರ್ರಿ ಅಕ್ಕಾರ. ಏಳಾಕ ಬರೂದಿಲ್ರಿ, ತಪ್ಪ ತಿಳೀಬ್ಯಾಡ್ರಿ," ಎಂದಳು ಸಾವಂತ್ರಿ. "ಈಕಿ ಈಗ ಕಣ್ ಮುಚ್ಯಾಳ."

"ಕೂಡವ್ವ, ಕೂಡು. ಹಾಲು ಎಳೀತಾಳೇನು?"

"ಎಳೀತಾಳ್ರಿ. ಗುಬ್ಬಿ ಕುಡದಂಗ ಕುಡೀತಾಳ, ಆದ್ರ ಬಿಡೂದಿಲ್ಲ." ಹೇಳುತ್ತ ಅವಳ ಮುಖ ಅರಳಿತು, ಮರುಗಳಿಗೆಗೇ ಬಾಡಿತು. "ಅಕ್ಕಾರ, ಮತ್ತ ಒಯ್ತಾರೇನ್ರಿ? ಅಲ್ಲಿ ನಾ ಕಿಡಿಕ್ಯಾಗಿಂದ ನೋಡಾಕಿ. ಈಕಿ ಅಳೂದು ಕಾಣತಿತ್ತು, ಕೇಳತಿರಲಿಲ್ಲ. ನಲವತ್ತ ದಿನ ನನ್ನ ಕೂಸಿನ ದನಿ ಹೆಂಗೈತಿ ಅಂತ ನನಗ ಗೊತ್ತಿರಲಿಲ್ರಿ."

ಮಹಾನಂದಾ ಕೂಸಿನ ಹತ್ತಿರ ಬಗ್ಗಿದಳು. ಮದುವೆಯ ಗೋಜಿಗೆ ಹೋಗದೆ ಜರಡಿಯನ್ನೇ ಸಂಸಾರ ಮಾಡಿಕೊಂಡವಳು ಅವಳು. ಬೆರಳಿನಷ್ಟೇ ಇದ್ದ ಆ ಕೈಯನ್ನು ಮುಟ್ಟಬೇಕೆನಿಸಿ, ಹೆದರಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಇನ್ನೊಮ್ಮೆ ಹೋಗೂದಿಲ್ಲ ಅಂತ ತಿಳಕೋ," ಎಂದಳು. "ಕರೆಂಟ್ ಒಂದು ಇದ್ರ ಸಾಕು. ಉಳಿದದ್ದು ನನಗ ಬಿಡು."

ಆ ಮಾತನ್ನು ಬಾಗಿಲಲ್ಲಿ ನಿಂತಿದ್ದ ನಾಲ್ಕಾರು ಹೆಂಗಸರೂ ಕೇಳಿಸಿಕೊಂಡರು. ಎದುರು ಮನೆಯ ರೇಡಿಯೋ ರಿಪೇರಿಯ ಹುಸೇನಸಾಬ ಮಿಸ್ತ್ರಿಯೂ ಕೇಳಿಸಿಕೊಂಡ. ಕರೆಂಟ್ ಒಂದು ಇದ್ದರೆ ಸಾಕು! ಅಷ್ಟೇ ಆದರೆ ಈ ಓಣಿಯವರಿಗೆ ಅದೇನು ದೊಡ್ಡ ಮಾತು?

ಮೂರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಹದಿನೇಳನೆಯ ಮನೆಯ ಹಸಿರು ಗೆರೆ ಪರದೆಯಿಂದ ಮಾಯವಾಯಿತು.

"ಫೇಸ್ ಹೋತೇನು?" ಎಂದು ಮಹಾನಂದಾ ಕೇಳಿದಳು.

ಪಕ್ಕದ ಮೇಜಿನ ಆಪರೇಟರು ರಾಚಪ್ಪ ನೋಡಿ ತಲೆಯಾಡಿಸಿದ. "ಇಲ್ರಿ ಮೇಡಂ. ಮನಿಗೆ ಕರೆಂಟ್ ಐತಿ. ಎಲ್ಲಾ ಬರೊಬ್ಬರಿ ಐತಿ. ಗೆರಿ ಅಷ್ಟ ಇಲ್ಲ."

ಕರೆಂಟು ಇದೆ, ಗೆರೆ ಇಲ್ಲ. ಹಾಗಾದರೆ ಪಟ್ಟಿ ಬಿಚ್ಚಿದ್ದಾರೆಯೇ? ವಾಯರು ಹರಿದಿದೆಯೇ? ಹದಿನೇಳಕ್ಕೆ ಫೋನು ಹಚ್ಚಿದಳು. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಓಣಿಯ ಗಂಡಸರು ಹೆಂಗಸರೆಲ್ಲ ಶೆಡ್ಡಿನಲ್ಲಿ. ಆ ಸಪ್ಪಳದಲ್ಲಿ ಫೋನು ಯಾರಿಗೆ ಕೇಳಬೇಕು. ರಾಚಪ್ಪನ ತಮ್ಮನಿಗೆ ಹೇಳಿ ಸೈಕಲ್ಲಿನ ಮೇಲೆ ಓಡಿಸಿದರು. ಅವನು ಮುಟ್ಟಲು ಹದಿನೈದು ನಿಮಿಷವಾದರೂ ಬೇಕು.

ಮೂರು ನಿಮಿಷ ಹೋಯಿತು. ನಾಲ್ಕು. ಮಹಾನಂದಾ ಜರಡಿಯನ್ನು ಮೂರು ಸಲ ತಿರುವಿ ನೋಡಿದಳು. ಜರಡಿಯಲ್ಲಿ ದೋಷವಿರಲಿಲ್ಲ, ಪಕ್ಕದ ಓಣಿಯ ಫೋನಿನ ಮಾತು ನೀರಿನ ಹಾಗೆ ತಿಳಿಯಾಗಿ ಬರುತ್ತಿತ್ತು. ಬಾರದಿದ್ದದ್ದು ಅದೊಂದೇ ಉಸಿರು.

ಆರನೆಯ ನಿಮಿಷಕ್ಕೆ ಅವಳು ಯಾವತ್ತೂ ಮಾಡದ ಕೆಲಸ ಮಾಡಿದಳು. ಜರಡಿ ಹಿಡಿದದ್ದನ್ನು ಬಿಟ್ಟು, ಅದು ಚೆಲ್ಲಿದ್ದನ್ನು ನೋಡಿದಳು. ಐದು ವರ್ಷದಿಂದ ಜರಡಿ ಹಗಲಿಡೀ ಗದ್ದಲವನ್ನು ಒಂದು ಮೂಲೆಗೆ ಸುರಿಯುತ್ತಲೇ ಇತ್ತು. ಕಸದಲ್ಲಿ ಏನಿದೆ ಎಂದು ಯಾರಾದರೂ ನೋಡುತ್ತಾರೆಯೇ?

ಪರದೆಯ ತುಂಬ ಮುಳ್ಳುಗಂಟಿಯಂಥ ಮಗ್ಗದ ಗದ್ದಲ ಬಂತು. ನಲವತ್ತು ಮಗ್ಗಗಳ ಮಿಡಿತ ಅವಳಿಗೆ ಬಾಯಿಪಾಠ. ಒಂದೊಂದನ್ನೇ ಕಳೆಯುತ್ತ ಹೋದಳು. ಕಳೆದು ಕಳೆದು ಕೊನೆಯಲ್ಲಿ ಉಳಿದದ್ದನ್ನು ನೋಡಿ ಅವಳ ಕೈ ನಿಂತಿತು. ಏರುತ್ತಿತ್ತು, ಇಳಿಯುತ್ತಿತ್ತು. ನಿಮಿಷಕ್ಕೆ ನಲವತ್ತೆಂಟು. ಅದೇ ಉಸಿರು! ಹದಿನೇಳನೆಯ ಮನೆಯಲ್ಲಿ ಅಷ್ಟೇ ಅಲ್ಲ, ಹದಿನೈದು, ಹದಿನಾರು, ಹದಿನೆಂಟು, ಇಪ್ಪತ್ತೆರಡು, ಐದೂ ಮನೆಗಳ ಮೀಟರಿನಲ್ಲಿ ಒಂದೇ ಸಮ, ಒಂದೇ ಜೋರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವಳ ಪಾಡು.

ಐದು ಮನೆ. ನಾಲ್ಕಕ್ಕಿಂತ ಹೆಚ್ಚು. ಆದ್ದರಿಂದ ಗದ್ದಲ. ಜರಡಿ ತನಗೆ ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತ್ತು.

"ಐದು ಮನ್ಯಾಗ ಉಸಿರು ಹೆಂಗ್ ಬಂತ್ರಿ?" ಎಂದು ರಾಚಪ್ಪ ಬಾಯಿ ಬಿಟ್ಟ.

"ಆಮ್ಯಾಲ ಕೇಳೂನು. ಆಸ್ಪತ್ರಿಗೆ ಹೇಳು, ಗೆರಿ ಸಿಕ್ಕೈತಿ ಅಂತ," ಎಂದು ಮಹಾನಂದಾ ನಿಟ್ಟುಸಿರು ಬಿಟ್ಟಳು. ಬಿಟ್ಟ ಉಸಿರು ಮುಗಿಯುವಷ್ಟರಲ್ಲಿ, ಅವಳ ಕಣ್ಣೆದುರಿಗೇ, ಐದೂ ಮನೆಗಳ ಗೆರೆ ಒಟ್ಟಿಗೇ ಮಟ್ಟಸವಾಯಿತು.

ಐದು ಸೆಕೆಂಡು. ಎಳೆಯ ಕೂಸುಗಳು ಐದಾರು ಸೆಕೆಂಡು ನಿಲ್ಲಿಸುವುದು ಸಹಜ. ಹತ್ತು. ಪಟ್ಟಿಯ ಗಂಟೆ ಈಗ ಹೊಡೆಯುತ್ತಿರುತ್ತದೆ, ಸಾವಂತ್ರಿ ತಟ್ಟುತ್ತಾಳೆ. ಹದಿನೈದು. ಗೆರೆ ಏಳಲಿಲ್ಲ. ಇಡೀ ರಾತ್ರಿ ಎಚ್ಚರವಿದ್ದ ಬಾಣಂತಿ, ಗೋಡೆಗೆ ಒರಗಿದಲ್ಲೇ ಕಣ್ಣು ಹತ್ತಿರಬೇಕು. ಫೋನು ಕೇಳದವಳಿಗೆ ಆ ಗಂಟೆ ಕೇಳೀತೇ?

ಮಹಾನಂದಾ ಮಗ್ಗದ ಓಣಿಯಲ್ಲೇ ಹುಟ್ಟಿ ಬೆಳೆದವಳು. ಅಲ್ಲಿಯವರಿಗೆ ಸಪ್ಪಳದಲ್ಲಿ ಗಾಢ ನಿದ್ದೆ. ಮಗ್ಗ ನಿಂತರೆ ಮಾತ್ರ ಎಚ್ಚರ. ಚಿಕ್ಕವಳಿದ್ದಾಗ ಕರೆಂಟು ಹೋದರೆ ಸಾಕು, ಏನೋ ಕಳೆದುಹೋದಂತೆ ದಿಗ್ಗನೆ ಎದ್ದು ಕೂರುತ್ತಿದ್ದಳು. ಮೇಜಿನ ಬದಿಯಲ್ಲಿ ಕೆಂಪು ಮುಚ್ಚಳದ ಒಂದು ಗುಂಡಿ ಇತ್ತು, ಶೆಡ್ಡಿಗೆ ಬೆಂಕಿ ಬಿದ್ದರೆ ಒತ್ತುವುದಕ್ಕೆ. ಮಗ್ಗಗಳ ಮೀಟರು ಬೇರೆ, ಮನೆಗಳ ಮೀಟರು ಬೇರೆ. ಅದನ್ನು ಒತ್ತಿದರೆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ, ಮನೆಯ ದೀಪ ಉರಿಯುತ್ತಲೇ ಇರುತ್ತದೆ. ಅಧ್ಯಕ್ಷರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ.

ಇಪ್ಪತ್ತು ಸೆಕೆಂಡು. ಅವಳು ಮುಚ್ಚಳ ಕಿತ್ತು ಗುಂಡಿ ಒತ್ತಿದಳು.

ಪರದೆಯ ಮುಳ್ಳುಗಂಟಿಯೆಲ್ಲ ಒಮ್ಮೆಲೇ ಉದುರಿಹೋಯಿತು. ಬರಿದಾದ ಪರದೆಯಲ್ಲಿ ಉಳಿದದ್ದು ಐದು ಮಟ್ಟಸ ಗೆರೆಗಳು. ರಾಚಪ್ಪ ಎದ್ದು ನಿಂತಿದ್ದ. ಒಂದು. ಎರಡು. ಮೂರು. ಐದೂ ಗೆರೆಗಳು ಒಟ್ಟಿಗೆ ಬೆಚ್ಚಿ ಮೇಲೆದ್ದವು. ಇಳಿದವು. ಮತ್ತೆ ಎದ್ದವು. ಆಮೇಲೆ ಸಣ್ಣಸಣ್ಣಗೆ, ಅಡ್ಡಾದಿಡ್ಡಿ, ಅಳುವ ಕೂಸಿನ ಉಸಿರಿನ ಹಾಗೆ.

ಮಹಾನಂದಾ ಕುರ್ಚಿಯ ಹಿಡಿಕೆ ಹಿಡಿದುಕೊಂಡೇ ಅತ್ತಳು. ನಲವತ್ತೆರಡು ವರ್ಷದ ಗಟ್ಟಿ ಹೆಣ್ಣು ಎಂದೆನಲ್ಲ, ಅದನ್ನು ರಾಚಪ್ಪ ಆವತ್ತಿನಿಂದ ನಂಬಲಿಲ್ಲ.

ಎರಡು ನಿಮಿಷದಲ್ಲಿ ಗೋಡೆಫೋನು ಹೊಡೆಯಿತು. ಸಾವಂತ್ರಿಯ ದನಿ ನಡುಗುತ್ತಿತ್ತು. "ಅಕ್ಕಾರ, ನಾ ಮಲಗಿಬಿಟ್ಟಿದ್ನಿರಿ, ಸತ್ತಂಗ ಮಲಗಿದ್ನಿ. ಮಗ್ಗ ನಿಂತ್ವು ನೋಡ್ರಿ, ನಾ ಕಣ್ ತಗಿಯೂಕ್ಕಿಂತ ಮೊದಲ ಈಕೀನ ಬೆಚ್ಚಿಬಿದ್ದು ಚಿಟ್ಟನ ಚೀರಿದ್ಲು. ಮಾರಿ ನೀಲಿ ಆಗಿತ್ರಿ. ಈಗ ಕೆಂಪ ಆಗೇತಿ. ಅಳಾಕತ್ಯಾಳ, ಕೇಳ್ರಿ."

ಏಳು ತಿಂಗಳು ಹೊಟ್ಟೆಯಲ್ಲಿದ್ದಾಗಲೇ ಮಗ್ಗದ ಸಪ್ಪಳ ಕೇಳಿದ ಕೂಸು. ಸಪ್ಪಳ ನಿಂತದ್ದೇ ಅದಕ್ಕೆ ಅಂಗಾಲು ತಟ್ಟಿದಂತಾಗಿತ್ತು.

ಮಧ್ಯಾಹ್ನ ಸಂಘದ ಅಧ್ಯಕ್ಷ ಪತ್ತಾರ ಸಾಹೇಬರೊಂದಿಗೆ ಅವಳು ಹಣಿಗಿ ಓಣಿಗೆ ಹೋದಾಗ ಗುಟ್ಟು ಬಯಲಾಯಿತು. ಹದಿನೇಳನೆಯ ಮನೆಯ ಕಿಟಕಿಯಲ್ಲಿ ಬಿಸ್ಕೀಟಿನ ಡಬ್ಬಿಯೊಂದು ಕೂತಿತ್ತು. ಅದರಿಂದ ಒಂದು ವಾಯರು ಅದೇ ಮನೆಯ ಪ್ಲಗ್ಗಿಗೆ, ಉಳಿದ ನಾಲ್ಕು ಗೋಡೆ ಹಾರಿ, ಮಾಳಿಗೆ ದಾಟಿ ನಾಲ್ಕು ಮನೆಗಳಿಗೆ ಹೋಗಿದ್ದವು.

"ಇದು ಯಾರ ಉದ್ಯೋಗ?" ಎಂದರು ಪತ್ತಾರರು.

ಹುಸೇನಸಾಬ ಮುಂದೆ ಬಂದ. "ನಂದ್ರಿ ಸಾಹೇಬ್ರ. ಐದನೇ ವಾಯರ್ ಇವತ್ ಹತ್ತರ ಸುಮಾರಿಗೆ ಇಪ್ಪತ್ತೆರಡನೇ ಮನ್ಯಾಗ ಹಚ್ಚಿದ್ನಿ. ಒಂದ್ ಮನಿ ಕರೆಂಟ್ ಹೋದ್ರೂ ಇನ್ನೊಂದ್ ಮನ್ಯಾಗಿಂದ ಕೂಸಿನ ಸುದ್ದಿ ನಿಮಗ ಮುಟ್ಟಲಿ ಅಂತ ಮಾಡಿದ್ದು. ಪಟ್ಟಿಗೆ ಡಬ್ಬ್ಯಾಗ ಒಂದ್ ಬ್ಯಾಟರಿ ಇಟ್ಟೀನಿ. ಒಂದ್ ಮನಿ ಕರೆಂಟ್ ಇನ್ನೊಂದಕ್ಕ ತಾಗೂದಿಲ್ರಿ, ನಡುವ ಕೆಪಾಸಿಟರ್ ಅದಾವ. ಕರೆಂಟ್ ದಾಟೂದಿಲ್ಲ, ಮಾತಷ್ಟ ದಾಟತೈತಿ."

ಮಹಾನಂದಾ ಡಬ್ಬಿ ತೆಗೆದು ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು, ತಪ್ಪೆಂದು ತೋರಿಸಲು ಒಂದು ಬೆಸುಗೆಯೂ ಸಿಗಲಿಲ್ಲ.

"ಫೇಸ್ ಇರೂದು ಮೂರು. ಮೂರ್ ಮನಿ ಸಾಕಾಗಿತ್ತಲ್ಲ ಮಿಸ್ತ್ರಿ," ಎಂದಳು. "ಐದ್ಯಾಕ ಮಾಡಿದ್ರಿ?" ಮೂರಕ್ಕೇ ನಿಲ್ಲಿಸಿದ್ದರೆ ಜರಡಿ ಆ ಉಸಿರನ್ನು ಮುಟ್ಟುತ್ತಿರಲಿಲ್ಲ.

"ನಾನೂ ಮೂರ ಅಂದಿದ್ನಿರಿ. ಇವರು ಬಿಡಬೇಕಲ್ಲ!" ಎಂದು ಹುಸೇನಸಾಬ ಹೆಂಗಸರ ಕಡೆ ಕೈ ಮಾಡಿದ.

ಇಪ್ಪತ್ತೆರಡನೆಯ ಮನೆಯ ಗುರುಬಾಳವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಾಣಂತಿ ಮನಿಗೆ ಓಣಿಯಾವ್ರು ಬುತ್ತಿ ಕೊಡೂದು ಹಿಂದಿನಿಂದ ಬಂದದ್ರಿ. ಅವರ ಮನೀದು ತಗೊಂಡು ನಮ್ಮನೀದು ಬ್ಯಾಡ ಅಂದ್ರ ಹೆಂಗ? ನಮ್ಮನಿ ಕರೆಂಟ್ ಏನ್ ಹೊಲಸಾಗೇತೇನ್ರಿ? ಇನ್ನೂ ಆರ್ ಮನ್ಯಾವ್ರು ಕೇಳ್ಯಾರ, ವಾಯರ್ ಮುಗದಾವಂತ ಸುಮ್ನ ಕುಂತಾರ."

ಪತ್ತಾರ ಸಾಹೇಬರು ಕೆಟ್ಟವರಲ್ಲ, ಆದರೆ ಸೋಮವಾರದ ಚಿಂತೆ ಅವರ ತಲೆ ತಿನ್ನುತ್ತಿತ್ತು. ಮಹಾನಂದಾಳನ್ನು ಬದಿಗೆ ಕರೆದರು. "ಜರಡಿಯೊಳಗ ತಪ್ಪಿಲ್ಲ, ಓಣಿಯವರು ಅಡ್ಡ ವಾಯರ್ ಎಳದದ್ದಕ್ಕ ಹಿಂಗಾತು ಅಂತ ವರದಿ ಬರೀರಿ. ವಾಯರ್ ಕಿತ್ತಸೂನು. ಕೂಸಿನ್ನ ನಾಕ್ ದಿನ ಆಸ್ಪತ್ರಿಗೆ ಕಳಸೂನು. ಹನ್ನೆರಡು ಊರಿನವರು ಬಂದು ಹೋಗಲಿ, ಆಮ್ಯಾಲ ನೋಡೂನು."

ಅವಳು ನಾಳೆ ಬೆಳಿಗ್ಗೆ ಕೊಡುತ್ತೇನೆ ಎಂದಷ್ಟೇ ಅಂದಳು. ಅಲ್ಲಿಯವರೆಗೆ ರಾಚಪ್ಪನನ್ನು ಕಸದ ಪರದೆಯ ಮುಂದೆ ಕೂರಿಸಿ, ಕಣ್ಣು ಮಿಟುಕಿಸಬೇಡ ಎಂದು ಹೇಳಿ ಮನೆಗೆ ಹೋದಳು.

ಮನೆಯಲ್ಲಿ ಕಲ್ಲಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. ಐವತ್ತು ವರ್ಷ ಮಗ್ಗದ ಪಕ್ಕ ನಿಂತು ಕಿವಿ ಅರ್ಧ ಹೋಗಿತ್ತು, ಅದಕ್ಕೇ ಮಾತೆಲ್ಲ ಊರಿಗೆ ಕೇಳುವಂತೆ. ಮಗಳ ಮುಖ ನೋಡಿದವನೇ ಏನಾಯಿತು ಎಂದ. ಅವಳು ಕೂಗಿ ಕೂಗಿ ಎಲ್ಲವನ್ನೂ ಹೇಳಿದಳು. ಬಹುಶಃ ಅಕ್ಕಪಕ್ಕದ ಮನೆಯವರಿಗೂ ವರದಿ ಅಲ್ಲೇ ಸಿಕ್ಕಿತು.

"ಜರಡಿ ತಪ್ಪು ಅಂತ ಬರದ್ರ ಸೋಮವಾರ ಬಂದಾವ್ರು ಹಂಗ ಹೊಳ್ಳಿ ಹೋಗ್ತಾರ ಅಪ್ಪ. ಆರು ವರ್ಷದ್ದು ನೀರಾಗ ಹೋಗತೈತಿ. ಓಣಿಯವರ ತಪ್ಪು ಅಂತ ಬರದ್ರ ಆ ಕೂಸು ಹೋಗತೈತಿ."

ಕಲ್ಲಪ್ಪ ತುತ್ತು ನುಂಗಿ, ನೀರು ಕುಡಿದು, ಗೋಡೆಯ ಮೇಲಿನ ಫೋಟೋವನ್ನೊಮ್ಮೆ ನೋಡಿದ. ಆ ಫೋಟೋವನ್ನು ಬಂದವರಿಗೆಲ್ಲ ತೋರಿಸಿ ಅದರ ಗಾಜು ಸವೆಸಿದ್ದವನು ಅವನೇ.

"ಎಳಿ ಹರದ್ರ ನೇಕಾರ ಏನ್ ಮಾಡ್ತಾನ?" ಎಂದ. "ಎಳಿಗೆ ಬೈತಾನೇನು? ಮಗ್ಗ ನಿಲ್ಲಸತಾನ. ಗಂಟ್ ಹಾಕತಾನ. ಹರದಿದ್ದ ಮುಚ್ಚಿಟ್ಟು ನೇಯ್ದಾಂವನ ಸೀರಿ ಪ್ಯಾಟ್ಯಾಗ ನಿಲ್ಲೂದಿಲ್ಲವ್ವಾ."

ಅವಳು ತಟ್ಟೆ ಸರಿಸಿ ಅಲ್ಲೇ ಕೂತು ಬರೆದಳು. ಬರೆಯುವಾಗ ಅವಳಿಗೆ ನೋವಾಯಿತು, ಸುಳ್ಳು ಹೇಳುವುದೇಕೆ. ತನ್ನ ಕೈಯಾರೆ ತಾನು ಕಟ್ಟಿದ ಗೋಡೆಯ ಕಲ್ಲು ತೆಗೆಯುವುದು ಯಾರಿಗೂ ಸುಲಭವಲ್ಲ. 'ಎಲ್ಲ ಮನೆಗಳಲ್ಲೂ ಕೇಳಿಸುವುದು ಗದ್ದಲ ಎಂಬ ನನ್ನ ಊಹೆ ತಪ್ಪು. ಎಲ್ಲ ಮನೆಗಳೂ ಒಟ್ಟಾಗಿ ಹೇಳುತ್ತಿರುವ ಮಾತೂ ಇರಬಹುದು ಎಂದು ನಾನು ಯೋಚಿಸಿರಲಿಲ್ಲ. ತಪ್ಪು ಜರಡಿಯದು, ಓಣಿಯದಲ್ಲ.'

ಬೆಳಿಗ್ಗೆ ಅದನ್ನು ಓದಿ ಪತ್ತಾರ ಸಾಹೇಬರು ಕಾಗದ ಮೇಜಿನ ಮೇಲಿಟ್ಟು, "ಇದಕ್ಕೇನು ದಾರಿ?" ಎಂದರು.

ದಾರಿ ಅವಳಿಗೆ ಹೊಳೆದಿತ್ತು. ಮಗ್ಗಕ್ಕೆ ಮೋಟಾರಿನ ಮಿಡಿತ ಇದೆ, ಉಸಿರಿಗೆ ಉಸಿರಿನ ಮಿಡಿತ ಇದೆ. ಎಷ್ಟು ಮನೆಗಳಲ್ಲಿ ಕೇಳುತ್ತದೆ ಎಂದು ಎಣಿಸುವ ಬದಲು, ಕೇಳುತ್ತಿರುವುದು ಏನು ಎಂದು ನೋಡಬೇಕು. ಕೆಲಸ ಹತ್ತು ಪಾಲು ಹೆಚ್ಚು, ಯಂತ್ರವೂ ನಿಧಾನವಾಗುತ್ತದೆ. ಆಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಉಸಿರು ನಿಂತಾಗ ಎಷ್ಟು ಸೆಕೆಂಡಿನಲ್ಲಿ ಗೊತ್ತಾಯಿತು?" ನಿಂತ ಕ್ಷಣವೇ, ಗೆರೆಯನ್ನೇ ನೋಡುತ್ತಿದ್ದೆ ಎಂದಳು ಮಹಾನಂದಾ. "ಹಾಗಾದರೆ ಗೆರೆ ಕಳೆದಿಲ್ಲ. ನೋಡುವವರು ಇದ್ದಾರಲ್ಲ, ಕೂಸು ಅಲ್ಲೇ ಇರಲಿ," ಎಂದರು ಅವರು. ವಾಯರುಗಳೂ ಉಳಿದವು. ಪತ್ತಾರ ಸಾಹೇಬರು ಅವಕ್ಕೆ ಸಂಘದ ಖರ್ಚಿನಲ್ಲೇ ಗಟ್ಟಿ ಕವಚ ಹಾಕಿಸಿದರು, ಇನ್ನೂ ಆರು ಮನೆಗಳಿಗೆ ಎಳೆಸಿದರು. ಗುರುಬಾಳವ್ವನ ಮುಂದೆ ನಿಂತು ಬೇಡ ಎನ್ನುವ ಧೈರ್ಯ ಅವರಿಗೂ ಇರಲಿಲ್ಲವೆನ್ನಿ.

ಸೋಮವಾರ ಹನ್ನೆರಡು ಊರಿನವರು ಬಂದರು. ಮಹಾನಂದಾ ಜರಡಿಯ ತಪ್ಪನ್ನೇ ಮೊದಲು ತೋರಿಸಿದಳು. ಒಂಬತ್ತು ಊರಿನವರು ಹಾಗೇ ಎದ್ದು ಹೋದರು. ಮೂರು ಊರಿನವರು, ಹೊಸದು ಸಿದ್ಧವಾದಾಗ ಹೇಳಿ ಎಂದು ಚಹಾ ಕುಡಿದು ಹೋದರು. ಆ ರಾತ್ರಿಯಿಂದ ಅವಳು ಹೊಸ ಜರಡಿ ಕಟ್ಟಲು ಕೂತಳು. ಅದು ಮುಗಿಯುವವರೆಗೆ, ಎರಡು ತಿಂಗಳು, ಹಣಿಗಿ ಓಣಿಯ ಗೆರೆಯನ್ನು ಅವಳೂ ರಾಚಪ್ಪನೂ ಪಾಳಿಯ ಮೇಲೆ ಕಣ್ಣಿನಿಂದಲೇ ಜರಡಿ ಹಿಡಿದರು. ಆ ಉಸಿರು ಇನ್ನೂ ನಾಲ್ಕು ಸಲ ನಿಂತಿತು. ನಾಲ್ಕೂ ಸಲ ಫೋನು ಹಚ್ಚಿದೊಡನೆ ಯಾವುದೋ ಒಂದು ಮನೆಯವರು ಓಡಿ ಹೋಗಿ ಅಂಗಾಲು ತಟ್ಟಿದರು.

ಹೊಸ ಜರಡಿ ಮುಗಿದ ವಾರ, ಗುರುವಾರ ಸಂಜೆ, ಸಾವಂತ್ರಿಯ ಫೋನು ಬಂತು. "ಅಕ್ಕಾರ, ಎರಡೂವರಿ ಕಿಲೋ ಆಗ್ಯಾಳ್ರಿ! ಪಟ್ಟಿ ಇನ್ನ ಬ್ಯಾಡ ಅಂದ್ರು ಡಾಕ್ಟರಮ್ಮಾರು. ನಾಳೆ ಹತ್ತಕ್ಕ ಬಿಚ್ಚತೀವಿ. ಗೆರಿ ಹೋದ್ರ ಗಾಬರಿ ಆಗಬ್ಯಾಡ್ರಿ."

ಮರುದಿನ ಹತ್ತಕ್ಕೆ ಮಹಾನಂದಾ ಪರದೆಯ ಮುಂದೆ ಕೂತಿದ್ದಳು. ಹಸಿರು ಗೆರೆ ದೊಡ್ಡ ದೊಡ್ಡ ಅಲೆಯಾಗಿ, ಹೊಟ್ಟೆ ತುಂಬಿದ ಕೂಸಿನ ನೆಮ್ಮದಿಯಲ್ಲಿ ಏರಿಳಿಯುತ್ತಿತ್ತು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಅದು ನಿಂತಿತು. ಗೊತ್ತಿದ್ದರೂ ಅವಳು ಎಣಿಸಿದಳು, ಇಪ್ಪತ್ತರವರೆಗೂ ಎಣಿಸಿದಳು. ಪರದೆಯ ಆ ಮೂಲೆ ಬರಿದಾಗಿತ್ತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಎದೆಗೆ ಕಟ್ಟಿಕೊಂಡದ್ದನ್ನು ಯಾರೋ ಬಿಚ್ಚಿ ಒಯ್ದ ಹಾಗೂ ಆಯಿತು.

ಗೋಡೆಫೋನು ಹೊಡೆಯಿತು. "ಬಿಚ್ಚೀವ್ರಿ ಅಕ್ಕಾರ," ಎಂದಳು ಸಾವಂತ್ರಿ. ಹೊಸ ಜರಡಿಯಿಂದ ಹಾಯ್ದು ಬಂದ ಅವಳ ದನಿ ಒಂದು ಕಲೆಯೂ ಇಲ್ಲದೆ ತಿಳಿಯಾಗಿತ್ತು. "ಓಣಿ ಮಂದಿ ಎಲ್ಲಾ ಇಲ್ಲೇ ಅದಾರ. ಈಕಿ ಒಬ್ಬರ ಕೈಯಾಗಿಂದ ಒಬ್ಬರ ಕೈಯಾಗ ಹೊಂಟಾಳ. ಕೇಳತೈತೇನ್ರಿ?"

ಕೇಳುತ್ತಿರಲಿಲ್ಲ. ಜರಡಿ ಸಾವಂತ್ರಿಯ ಮಾತೊಂದನ್ನೇ ಆರಿಸಿ ಕೊಡುತ್ತಿತ್ತು. ಮಹಾನಂದಾ ಕೈ ಚಾಚಿ ಜರಡಿಯನ್ನು ಬಂದ್ ಮಾಡಿದಳು.

ನಲವತ್ತು ಮಗ್ಗಗಳು ಒಮ್ಮೆಲೇ ಕೋಣೆಯೊಳಗೆ ನುಗ್ಗಿದವು. ಸಾಸಿವೆ ಸಿಡಿಯುವ ಸದ್ದು, ಅದರ ನಡುವೆ ಗುರುಬಾಳವ್ವ ಯಾರಿಗೋ ಬೈಯುವುದು, ಹೆಂಗಸರ ನಗೆ, ಹುಸೇನಸಾಬನ ಕೆಮ್ಮು, ಇವೆಲ್ಲದರ ಒಳಗೆಲ್ಲೋ ಒಂದು ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಅವಳು ಕಣ್ಣು ಮುಚ್ಚಿ ಕೇಳಿದಳು. ಯಾವುದು ಯಾವುದೆಂದು ಬಿಡಿಸಲು ಹೋಗಲಿಲ್ಲ.

ರಾಚಪ್ಪ ಗಾಬರಿಯಿಂದ ತಿರುಗಿ ನೋಡಿದ. "ಲೈನ್ ಕೆಟ್ಟೈತೇನ್ರಿ ಮೇಡಂ?"

"ಇಲ್ಲಪ್ಪ," ಎಂದಳು ಮಹಾನಂದಾ, ಕಣ್ಣೊರೆಸಿಕೊಳ್ಳುತ್ತ. "ಛಲೋ ಕೇಳಾಕತ್ತೈತಿ."